ಡ್ರೈ ಐರನ್, ಸ್ಟೀಮ್ ಐರನ್, ಸ್ಟೀಮರ್: ಯಾವ ಬಟ್ಟೆಗೆ ಯಾವುದು, ಯಾವ ಬಟ್ಟೆಗೆ ಯಾವುದೂ ಬೇಡ

ಇಸ್ತ್ರಿಪೆಟ್ಟಿಗೆಯ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ವ್ಯಾಟ್, ತಳದ ಲೇಪನದ ಹೆಸರು, ಹಬೆಯ ತೂತುಗಳ ಲೆಕ್ಕ. ಸುಕ್ಕು ಹೋಗುವುದಕ್ಕೂ ಇದರಲ್ಲಿ ಅರ್ಧದಷ್ಟಕ್ಕೂ ನಂಟಿಲ್ಲ. ಸುಕ್ಕು ಬಿಡಿಸಲು ಬೇಕಾದ್ದು ನೂಲಿನೊಳಗೆ ಒಂದಿಷ್ಟು ತೇವ, ಆ ತೇವವನ್ನು ಅಲ್ಲೇ ಹಬೆಯಾಗಿಸುವ ಬಿಸಿ, ಮೇಲಿಂದ ಸ್ವಲ್ಪ ಒತ್ತಡ. ಡ್ರೈ ಐರನ್ ಬಿಸಿಯನ್ನೂ ಒತ್ತಡವನ್ನೂ ಕೊಟ್ಟು ತೇವವನ್ನು ನಮಗೇ ಬಿಡುತ್ತದೆ. ಸ್ಟೀಮ್ ಐರನ್ ಮೂರನ್ನೂ ಕೊಡುತ್ತೇನೆ ಅನ್ನುತ್ತದೆ, ತೇವದ ವಿಷಯದಲ್ಲಿ ಮಾತ್ರ ಆಗಾಗ ಕೈಕೊಡುತ್ತದೆ. ನೇತುಹಾಕಿದ ಬಟ್ಟೆಗೆ ಬರೀ ಹಬೆ ಬಿಡುವ ಗಾರ್ಮೆಂಟ್ ಸ್ಟೀಮರ್‌ನಲ್ಲಿ ಒತ್ತಡ ಅನ್ನುವುದೇ ಇಲ್ಲ. ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು ಅನ್ನುವುದು ಒಗೆದ ಬಟ್ಟೆಯ ರಾಶಿಯಲ್ಲಿ ಏನೇನಿದೆ ಅನ್ನುವುದನ್ನು ಅವಲಂಬಿಸಿದೆ. ಹಾಗಾಗಿ ರಾಶಿಯಿಂದಲೇ ಶುರು ಮಾಡುವುದು ಒಳ್ಳೆಯದು.

ರಾಶಿಯಿಂದ ಏನೇನು ತೆಗೆದಿಡಬೇಕು

ಮೊದಲು ಟವೆಲ್. ಅದರ ಮೈಮೇಲೆ ಎದ್ದು ನಿಂತ ನೂಲಿನ ಕುಣಿಕೆಗಳೇ ನೀರು ಹೀರುವುದು. ಕಾದ ತಳ ಅವನ್ನು ಮಲಗಿಸಿಬಿಡುತ್ತದೆ, ಟವೆಲ್ ನುಣ್ಣಗಾಗುತ್ತದೆ, ಮೈಯ ನೀರು ಮೈಮೇಲೇ ಉಳಿಯುತ್ತದೆ. ಒಣಹಾಕುವ ಮುಂಚೆ ಎರಡು ಸಲ ಜೋರಾಗಿ ಕೊಡವಿದರೆ ಅದಕ್ಕೆ ಅಷ್ಟೇ ಸಾಕು. ಒಳಉಡುಪು, ಕಾಲುಚೀಲಗಳಿಗೂ ಬೇಡ. ಎಲಾಸ್ಟಿಕ್ ಬಿಸಿ ತಿಂದಷ್ಟೂ ಸಡಿಲವಾಗುತ್ತದೆ. ಹಿಗ್ಗುವ ಆಟದ ಉಡುಪುಗಳದ್ದೂ ಇದೇ ಕತೆ. ಪಾಲಿಯೆಸ್ಟರ್ ತಡೆದುಕೊಂಡರೂ ಅದರ ಜೊತೆ ನೇಯ್ದ ಸ್ಪ್ಯಾಂಡೆಕ್ಸ್ ಅನ್ನುವ ಹಿಗ್ಗುವ ನೂಲು ತಡೆಯುವುದಿಲ್ಲ.

ಜೀನ್ಸನ್ನು ಒದ್ದೆ ಇರುವಾಗಲೇ ಕಾಲಿನ ಅಂಚು ಹಿಡಿದು ತಲೆಕೆಳಗಾಗಿ ನೇತುಹಾಕಿದರೆ ಸೊಂಟದ ಭಾರವೇ ಇಸ್ತ್ರಿಯ ಕೆಲಸ ಮಾಡುತ್ತದೆ. ಟೀ ಶರ್ಟು ಹೆಣಿಗೆ ಬಟ್ಟೆ. ಪೆಟ್ಟಿಗೆ ಎಳೆದ ಕಡೆಗೆ ಅದೂ ಎಳೆದುಕೊಳ್ಳುತ್ತದೆ, ಪಕ್ಕದ ಹೊಲಿಗೆ ಹೊಟ್ಟೆಯ ಕಡೆಗೆ ತಿರುಗುತ್ತದೆ. ತೀರಾ ಬೇಕೇ ಬೇಕೆಂದರೆ ಒಳಮೈ ಹೊರಗೆ ಮಾಡಿ, ಉಜ್ಜದೆ, ಎತ್ತಿ ಎತ್ತಿ ಇಡಬೇಕು. ಎದೆಯ ಮೇಲೆ ರಬ್ಬರಿನಂಥ ಚಿತ್ರವಿದ್ದರೆ ಅದರ ಮೇಲೆ ತಳ ನೇರವಾಗಿ ತಾಕಬಾರದು. ತಾಕಿದರೆ ಚಿತ್ರದ ಅರ್ಧ ತಳಕ್ಕೆ ಬರುತ್ತದೆ, ಅಲ್ಲಿಂದ ಮುಂದಿನ ಬಿಳಿ ಶರ್ಟಿಗೆ ಹೋಗುತ್ತದೆ.

ಹಾಸಿಗೆಯ ಹೊದಿಕೆಗಳಲ್ಲಿ ಇಸ್ತ್ರಿಗೆ ಅರ್ಹವಾದ್ದು ದಿಂಬಿನ ಕವರ್ ಒಂದೇ. ಹಾಸುವ ಬಟ್ಟೆಯನ್ನು ನಾಲ್ಕೂ ಮೂಲೆ ಬಿಗಿದು ಹಾಸಿದರೆ ಸುಕ್ಕು ತಾನಾಗಿ ಸಡಿಲವಾಗುತ್ತದೆ, ಮಲಗಿದ ಮೇಲಂತೂ ಯಾವ ಸುಕ್ಕು ಯಾವಾಗಿನದು ಅಂತ ಹೇಳುವವರು ಯಾರು?

ಇನ್ನು ಲಿನನ್. ಅದರ ಬಗ್ಗೆ ನಮ್ಮ ಅಭಿಪ್ರಾಯ ಎಲ್ಲರಿಗೂ ಹಿಡಿಸಲಿಕ್ಕಿಲ್ಲ. ಒಣಗಿದ ಬಟ್ಟೆಯ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಐದು ಸೆಕೆಂಡ್ ಹಿಂಡಿ ಬಿಡಿ. ಗೆರೆಗಳು ಹಾಗೇ ನಿಂತರೆ, ತೊಟ್ಟು ಕೂತ ಅರ್ಧ ಗಂಟೆಯಲ್ಲಿ ಮೊಣಕೈ, ತೊಡೆಯ ಬಳಿ ಅದೇ ಗೆರೆಗಳು ಬರುತ್ತವೆ. ಲಿನನ್ ಈ ಪರೀಕ್ಷೆಯಲ್ಲಿ ಪ್ರತಿಸಲ ಸೋಲುತ್ತದೆ. ಅದಕ್ಕೆ ಮೈತುಂಬ ಇಸ್ತ್ರಿ ಹಾಕುವುದು ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗೆ. ಕಾಲರ್, ಗುಂಡಿಪಟ್ಟಿ, ಕಫ್ ಚೊಕ್ಕವಾಗಿದ್ದರೆ ಉಳಿದ ಸುಕ್ಕು ಲಿನನ್ನಿನ ಗುಣ ಅನ್ನಿಸಿಕೊಳ್ಳುತ್ತದೆ. ಮೇಲೆ ಕೋಟೋ ಸ್ವೆಟರೋ ಬರುವುದಿದ್ದರೆ ಯಾವ ಶರ್ಟಿಗಾದರೂ ಈ ಮೂರು ಜಾಗ ಸಾಕು.

ಉಳಿಯುವುದು ಹತ್ತಿ ಶರ್ಟು, ಗೆರೆ ನಿಲ್ಲಿಸುವ ಪ್ಯಾಂಟು, ರೇಷ್ಮೆ, ಮೇಜಿನ ಹಾಸು, ಮತ್ತೆ ಹೊಲಿಗೆ ಮಾಡುವವರ ಹೊಸ ಹೊಲಿಗೆ. ಪ್ರತಿ ಹೊಲಿಗೆ ಹಾಕಿದ ತಕ್ಷಣ ಒತ್ತಿದ ಉಡುಪಿಗೂ ಕೊನೆಗೆ ಒಮ್ಮೆಲೇ ಒತ್ತಿದ ಉಡುಪಿಗೂ ಇರುವ ವ್ಯತ್ಯಾಸ ಹತ್ತು ಅಡಿ ದೂರದಿಂದ ಗೊತ್ತಾಗುತ್ತದೆ.

ಅರ್ಧ ಇಸ್ತ್ರಿ ಒಗೆಯುವಾಗಲೇ

ಹತ್ತಿಯ ನಾರಿನ ಅಣುಸರಪಳಿಗಳನ್ನು ಒಂದಕ್ಕೊಂದು ಹಿಡಿದಿಡುವುದು ಹೈಡ್ರೋಜನ್ ಬಂಧ. ನೀರು ಸೇರಿದರೆ ಬಂಧ ಸಡಿಲವಾಗುತ್ತದೆ, ಒಣಗಿದಾಗ ನಾರು ಯಾವ ಭಂಗಿಯಲ್ಲಿದೆಯೋ ಅದೇ ಭಂಗಿಯಲ್ಲಿ ಮತ್ತೆ ಬಿಗಿಯುತ್ತದೆ. ಮುದ್ದೆಯಾಗಿ ಒಣಗಿದ್ದು ಮುದ್ದೆಯಾಗಿ, ಬಿಡಿಸಿಕೊಂಡು ಒಣಗಿದ್ದು ಬಿಡಿಸಿಕೊಂಡು. ಪಾಲಿಯೆಸ್ಟರಿನದು ಬೇರೆ ದಾರಿ. ಅದು ನೀರಿಗೆ ಜಗ್ಗುವುದಿಲ್ಲ, ಸುಮಾರು 70ರಿಂದ 80 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮೆತ್ತಗಾಗುತ್ತದೆ. ಡ್ರೈಯರ್‌ನಲ್ಲಿ ಚೆನ್ನಾಗಿ ಕಾದ ಪಾಲಿಯೆಸ್ಟರ್ ಶರ್ಟನ್ನು ರಾಶಿಯಲ್ಲೇ ತಣಿಯಲು ಬಿಟ್ಟರೆ ಆ ಸುಕ್ಕು ಅಚ್ಚು ಹಾಕಿದಂತೆ ಕೂರುತ್ತದೆ.

ಮಷಿನ್ನಿನ ಡ್ರಮ್ಮನ್ನು ಕುತ್ತಿಗೆಮಟ್ಟ ತುಂಬಬೇಡಿ; ಬಟ್ಟೆ ಹೊರಳಲು ಜಾಗ ಬೇಕು. ಶರ್ಟುಗಳಿಗೆ ಸ್ಪಿನ್ ವೇಗ 1200ರ ಬದಲು 600 ಅಥವಾ 800 ಇಟ್ಟರೆ ಒಣಗಲು ಹೆಚ್ಚು ಹೊತ್ತು ಹಿಡಿಯುತ್ತದೆ, ಸುಕ್ಕು ಮಾತ್ರ ಎದ್ದು ಕಾಣುವಷ್ಟು ಕಡಿಮೆ. ಮಷಿನ್ ನಿಂತ ಕೂಡಲೇ ತೆಗೆದು, ತಟಕ್ಕನೆ ಕೊಡವಿ, ಹ್ಯಾಂಗರಿಗೆ ಹಾಕಿ, ಮೇಲಿನ ಗುಂಡಿ ಒಂದನ್ನು ಹಾಕಿ, ಗುಂಡಿಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಕೆಳಕ್ಕೆ ಎಳೆದುಬಿಡಿ. ಇಷ್ಟಕ್ಕೆ ಶರ್ಟಿಗೆ ಅರ್ಧ ನಿಮಿಷ. ಮುಂದೆ ಇಸ್ತ್ರಿಯಲ್ಲಿ ಉಳಿತಾಯವಾಗುವ ಹೊತ್ತು ಅದಕ್ಕಿಂತ ಎಷ್ಟೋ ಹೆಚ್ಚು.

ಡ್ರೈ ಐರನ್

ಸಾಮಾನ್ಯವಾಗಿ 750ರಿಂದ 1000 ವ್ಯಾಟ್. ಒಳಗಿರುವುದು ಕಾಯುವ ಕಾಯಿಲ್, ಬಿಸಿ ಹತೋಟಿಯ ಥರ್ಮೋಸ್ಟಾಟ್, ಅತಿ ಬಿಸಿಯಾದರೆ ಕಡಿದುಹೋಗುವ ಫ್ಯೂಸ್, ಒಂದು ದೀಪ, ಒಂದು ವಯರು. ಕೆಡುವುದಕ್ಕೇ ಜಾಸ್ತಿ ಏನೂ ಇಲ್ಲ. ಮೊದಲು ಸೋಲುವುದು ಹಿಡಿಯ ಬುಡದಲ್ಲಿ ವಯರು ಬಾಗುವ ಜಾಗ. ಅಲ್ಲಿ ಒಳಗಿನ ತಂತಿ ಎಳೆಎಳೆಯಾಗಿ ಕಡಿಯುತ್ತದೆ, ಪೆಟ್ಟಿಗೆ ಒಮ್ಮೆ ಕಾಯುತ್ತದೆ ಒಮ್ಮೆ ಇಲ್ಲ. ದೀಪ ಮಿಣುಕಿದರೆ ಅಥವಾ ಆ ಜಾಗ ಕೈಗೆ ಬಿಸಿ ತಾಕಿದರೆ ಬಳಸುವುದನ್ನು ನಿಲ್ಲಿಸಿ ವಯರು ಬದಲಾಯಿಸಬೇಕು.

ಒಂದು ಕೆಜಿಗಿಂತ ಹಗುರವಾದವೂ ಸಿಗುತ್ತವೆ, ಎರಡು ಕೆಜಿ ಹತ್ತಿರದವೂ ಸಿಗುತ್ತವೆ. ದಪ್ಪ ಹತ್ತಿಗೆ ಭಾರದ್ದೇ ಸರಿ. ಪೆಟ್ಟಿಗೆಯ ತೂಕ ಒತ್ತುತ್ತದೆ, ಕೈ ಬರೀ ತಳ್ಳುತ್ತದೆ. ಹಗುರದ್ದರಲ್ಲಿ ಒತ್ತುವ ಕೆಲಸ ಹೆಗಲಿಗೆ ಬೀಳುತ್ತದೆ, ನಾಲ್ಕನೇ ಶರ್ಟಿಗೆ ಅದು ಗೊತ್ತಾಗುತ್ತದೆ. ತೆಳು ಬಟ್ಟೆ, ಮಕ್ಕಳ ಬಟ್ಟೆಯೇ ಹೆಚ್ಚಿರುವ ಮನೆಗೆ ಹಗುರದ್ದು ಹೊಂದುತ್ತದೆ.

ಇದರ ದೋಷ ಡಯಲ್. ಥರ್ಮೋಸ್ಟಾಟಿನ ಜೋಡಿಲೋಹದ ಪಟ್ಟಿ ಬಿಸಿಗೆ ಬಾಗಿ ಕರೆಂಟು ಕಡಿಯುತ್ತದೆ, ತಣಿದು ನೆಟ್ಟಗಾಗಿ ಮತ್ತೆ ಕೊಡುತ್ತದೆ. ಮೊದಲ ಸುತ್ತಿನಲ್ಲಿ ತಳದ ಬಿಸಿ ಗುರಿಗಿಂತ ಮೇಲೆ ಹಾರುತ್ತದೆ. ರೇಷ್ಮೆಗೆಂದು ಇಟ್ಟು, ದೀಪ ಆರಿದ ಕ್ಷಣವೇ ಬಟ್ಟೆಗೆ ತಾಗಿಸಿದರೆ ರೇಷ್ಮೆಯ ಬಿಸಿಗಿಂತ ಹೆಚ್ಚೇ ಸಿಗುತ್ತದೆ. ದೀಪ ಎರಡು ಸಲ ಹೊತ್ತಿ ಆರುವವರೆಗೆ ಕಾಯಿರಿ. ಕಡಿಮೆ ಬಿಸಿಯ ಬಟ್ಟೆಯಿಂದ ಶುರುಮಾಡಿ ಹತ್ತಿಯಲ್ಲಿ ಮುಗಿಸುವುದು ಕೂಡ ಇದಕ್ಕೇ. ಪೆಟ್ಟಿಗೆ ಕಾಯಲು ಎರಡು ನಿಮಿಷ ಸಾಕು, ತಣಿಯಲು ಅದರ ಹಲವು ಪಟ್ಟು ಬೇಕು.

ಬಟ್ಟೆಯ ಚೀಟಿಯಲ್ಲಿ ಪೆಟ್ಟಿಗೆಯ ಚಿತ್ರದೊಳಗಿನ ಚುಕ್ಕೆಗಳನ್ನು ನೋಡಿ. ಒಂದು ಚುಕ್ಕೆ ಅಂದರೆ ತಳದ ಬಿಸಿ ಸುಮಾರು 110 ಡಿಗ್ರಿ, ಎರಡಕ್ಕೆ 150, ಮೂರಕ್ಕೆ 200. ಅಕ್ರಿಲಿಕ್, ನೈಲಾನ್ ಒಂದರಲ್ಲಿ. ಉಣ್ಣೆ, ರೇಷ್ಮೆ, ಪಾಲಿಯೆಸ್ಟರ್ ಹೆಚ್ಚಾಗಿ ಎರಡರೊಳಗೆ. ಹತ್ತಿ, ಲಿನನ್ ಮೂರರಲ್ಲಿ. ಮಿಶ್ರ ನೂಲಾದರೆ ಅದರಲ್ಲಿ ಯಾವುದು ಹೆಚ್ಚು ಸೂಕ್ಷ್ಮವೋ ಅದರ ಲೆಕ್ಕ ಹಿಡಿಯಬೇಕು. ನೂರರಲ್ಲಿ 60 ಪಾಲು ಹತ್ತಿ ಇದ್ದರೂ ಕರಗುವುದು ಉಳಿದ 40.

ತೇವ ಕೊಡುವ ಕೆಲಸ ನಮ್ಮದು ಅಂದೆವಲ್ಲ, ಅದರಲ್ಲೇ ಡ್ರೈ ಐರನ್ನಿನ ಸೋಲು ಗೆಲುವು. ಒಣಗಿ ಗರಿಗರಿಯಾದ ಹತ್ತಿಯ ಮೇಲೆ ಎಷ್ಟು ಸಲ ಎಳೆದರೂ ಗೆರೆ ಮಸುಕಾಗುತ್ತದೆಯೇ ಹೊರತು ಹೋಗುವುದಿಲ್ಲ. ನೀರು ಚಿಮುಕಿಸಿದ ಕೂಡಲೇ ಪೆಟ್ಟಿಗೆ ಇಟ್ಟರೂ ಪೂರ್ತಿ ಫಲವಿಲ್ಲ. ಹನಿ ಬಿದ್ದ ಕಡೆ ಒದ್ದೆ, ಪಕ್ಕದಲ್ಲಿ ಒಣ. ನುಣ್ಣನೆ ಮಂಜಿನಂತೆ ಸಿಂಪಡಿಸುವ ಬಾಟಲಿಯಿಂದ ಹಿಂದೆ ಮುಂದೆ ಹೊಡೆದು, ಶರ್ಟನ್ನು ಬಿಗಿಯಾಗಿ ಸುರುಳಿ ಸುತ್ತಿ, ಒಂದರ ಮೇಲೊಂದು ಪೇರಿಸಿ 15–20 ನಿಮಿಷ ಬಿಡಿ. ಬಿಚ್ಚಿದಾಗ ಬಟ್ಟೆ ಕೆನ್ನೆಗೆ ತಣ್ಣಗೆ ತಾಕಬೇಕು, ಅಂಗೈಗೆ ಪಸೆ ಅಂಟಬಾರದು. ಅಂಟಿದರೆ ನೀರು ಹೆಚ್ಚಾಯಿತು; ತಳ ತಣಿಯುತ್ತದೆ, ಇಸ್ತ್ರಿ ಆದ ಮೇಲೂ ಒಳಗೆ ತೇವ ಉಳಿದು ಹ್ಯಾಂಗರಿನಲ್ಲೇ ಮತ್ತೆ ಸುಕ್ಕು ಬೀಳುತ್ತದೆ. ನೆರಳಲ್ಲಿ ಮುಕ್ಕಾಲು ಒಣಗಿದ ಹೊತ್ತಿಗೇ ತೆಗೆದು ಇಸ್ತ್ರಿ ಮಾಡುವವರಿಗೆ ಬಾಟಲಿಯೂ ಬೇಡ.

ಸ್ಟೀಮ್ ಐರನ್

ಇದರ ಹೊಟ್ಟೆಯಲ್ಲಿ 200ರಿಂದ 350 ಮಿಲಿಲೀಟರ್ ಹಿಡಿಯುವ ತೊಟ್ಟಿ. ಹಬೆಯ ಗುಂಡಿ ತಿರುಗಿಸಿದಾಗ ಒಂದು ಸಣ್ಣ ಕವಾಟ ತೆರೆದು ನೀರು ಹನಿಹನಿಯಾಗಿ ತಳದ ಮೇಲಿನ ಕೋಣೆಗೆ ಬೀಳುತ್ತದೆ, ಅಲ್ಲಿ ಚೊಂಯ್ ಎಂದು ಹಬೆಯಾಗಿ ತೂತುಗಳಿಂದ ಹೊರಬರುತ್ತದೆ. ತಳದ ಬಿಸಿ ಸಾಲದಿದ್ದರೆ ಹನಿ ಹನಿಯಾಗಿಯೇ ಹೊರಬರುತ್ತದೆ. "ಹೊಸ ಪೆಟ್ಟಿಗೆ ಸೋರುತ್ತಿದೆ" ಅನ್ನುವ ದೂರಿನಲ್ಲಿ ಹೆಚ್ಚಿನವು ಇದೇ: ಡಯಲ್ ಒಂದು ಚುಕ್ಕೆಯಲ್ಲಿದ್ದು ಹಬೆ ತೆರೆದಿರುವುದು, ಅಥವಾ ಕಾಯುವ ಮುಂಚೆಯೇ ಅಡ್ಡ ಮಲಗಿಸಿರುವುದು, ಅಥವಾ ಹಬೆಯ ಗುಂಡಿಯನ್ನು ಮೇಲಿಂದ ಮೇಲೆ ಒತ್ತಿ ಕೋಣೆಯನ್ನು ತಣಿಸಿರುವುದು. ಎರಡು ಒತ್ತಿನ ನಡುವೆ ನಾಲ್ಕೈದು ಸೆಕೆಂಡ್ ಬಿಡಿ.

ಕೊಳ್ಳುವಾಗ ನೋಡಬೇಕಾದ ಅಂಕಿ ನಿಮಿಷಕ್ಕೆ ಎಷ್ಟು ಗ್ರಾಂ ಹಬೆ ಅನ್ನುವುದು. 15 ಗ್ರಾಂ ಆಸುಪಾಸಿನವು ಹತ್ತಿಯ ಮುಂದೆ ಬರೀ ಸದ್ದು ಮಾಡುತ್ತವೆ. ಅವನ್ನು ಕೊಂಡವರು ಕೊನೆಗೆ ಬಾಟಲಿ ಹಿಡಿದೇ ಹಿಡಿಯುತ್ತಾರೆ. ಹಾಗಿದ್ದ ಮೇಲೆ ಡ್ರೈ ಐರನ್ನೇ ಮೇಲು. 30 ಗ್ರಾಂ ದಾಟಿದರೆ ಕೆಲಸ ನಿಜಕ್ಕೂ ಬೇಗ ಆಗುತ್ತದೆ, ಆದರೆ ಅಷ್ಟು ಹಬೆ ಬಿಡಬೇಕಾದರೆ 2000 ವ್ಯಾಟ್ ಸುಮಾರಿಗೆ ಬೇಕು. 230 ವೋಲ್ಟಿನ ಕರೆಂಟಿರುವ ಕಡೆ ಅದು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಚಿಕ್ಕ ಸಾಕೆಟ್ಟಿಗೋ ತೆಳು ಎಕ್ಸ್‌ಟೆನ್ಷನ್ ವಯರಿಗೋ ಹಾಕಿದರೆ ಪ್ಲಗ್ಗಿನ ಬುಡ ಕಂದು ತಿರುಗುತ್ತದೆ, ಆಮೇಲೆ ಕರಗುತ್ತದೆ.

ನಿಜವಾದ ಶತ್ರು ಸುಣ್ಣ. ಗಡಸು ನೀರು ಹಬೆಯಾಗಿ ಹೋದಾಗ ಅದರಲ್ಲಿದ್ದ ಕ್ಯಾಲ್ಸಿಯಂ ಕೋಣೆಯಲ್ಲೇ ಹೆಪ್ಪುಗಟ್ಟುತ್ತದೆ. ಮೊದಲು ತೂತು ಕಿರಿದಾಗುತ್ತದೆ, ಆಮೇಲೆ ಒಂದು ದಿನ ಬಿಳಿ ಶರ್ಟಿನ ಬೆನ್ನ ಮೇಲೆ ಕಂದು ಚೂರು ಉದುರುತ್ತದೆ. ಭಟ್ಟಿ ಇಳಿಸಿದ ನೀರನ್ನೇ ಹಾಕಿ ಅನ್ನುವ ಕಂಪನಿಗಳಿವೆ, ನಲ್ಲಿನೀರಿಗೆ ಅರ್ಧ ಬೆರೆಸಿ ಅನ್ನುವವೂ ಇವೆ. ಜೊತೆಗೆ ಬಂದ ಕೈಪಿಡಿಯ ಮಾತೇ ಕೊನೆಯದು. ಗಂಜಿನೀರು, ಸೆಂಟು, ಫ್ಯಾಬ್ರಿಕ್ ಸಾಫ್ಟ್‌ನರ್ ಯಾವುದನ್ನೂ ತೊಟ್ಟಿಗೆ ಹಾಕಬಾರದು. ಕೋಣೆಯ ಗೋಡೆಗೆ ಅವು ಸುಟ್ಟು ಅಂಟುತ್ತವೆ. ವಿನೆಗರ್ ಹಾಕಿ ತೊಳೆಯುವ ಮನೆಮದ್ದನ್ನೂ ನಾವು ಒಪ್ಪುವುದಿಲ್ಲ. ಸುಣ್ಣದ ಜೊತೆ ಕೋಣೆಯ ಒಳಲೇಪನವೂ ಹೋಗಬಹುದು, ಲೇಪನ ಹೋದ ಕೋಣೆಯಲ್ಲಿ ಹನಿ ಸರಿಯಾಗಿ ಹಬೆಯಾಗುವುದಿಲ್ಲ.

ಸೆಲ್ಫ್ ಕ್ಲೀನ್ ಗುಂಡಿ ಇದ್ದರೆ ಎರಡು ವಾರಕ್ಕೊಮ್ಮೆ ಬಳಸಿ. ಹಬೆ ಮುಚ್ಚಿ, ತೊಟ್ಟಿಯನ್ನು ಗೆರೆತನಕ ತುಂಬಿಸಿ, ಡಯಲನ್ನು ತುದಿಗೆ ತಿರುಗಿಸಿ, ದೀಪ ಆರುವವರೆಗೆ ಕಾಯಿಸಿ. ಪ್ಲಗ್ ಕಿತ್ತು, ಸಿಂಕಿನ ಮೇಲೆ ಅಡ್ಡ ಹಿಡಿದು ಗುಂಡಿ ಒತ್ತಿ. ಕುದಿನೀರು, ಹಬೆ ಒಟ್ಟಿಗೆ ಬರುತ್ತವೆ, ಮುಂಗೈ ಅದರ ಮೇಲೆ ಬಾರದಂತೆ ನೋಡಿಕೊಳ್ಳಿ. ಪೆಟ್ಟಿಗೆಯನ್ನು ಹಿಂದೆ ಮುಂದೆ ಅಲ್ಲಾಡಿಸುತ್ತ ತೊಟ್ಟಿ ಬರಿದಾಗುವವರೆಗೆ ಬಿಡಿ. ಸಿಂಕಿನಲ್ಲಿ ಮರಳಿನಂಥ ಬಿಳಿ ಕಾಳು ಕಂಡರೆ ಇನ್ನೊಂದು ಸಲ. ಕೊನೆಗೆ ಕಾಯಿಸಿ ಹಳೆಯ ಹತ್ತಿಬಟ್ಟೆಯ ಮೇಲೆ ಎಳೆದರೆ ತಳ ಒಣಗುತ್ತದೆ.

ತಳದ ಬಗ್ಗೆ ಜಾಹೀರಾತು ಹೇಳುವಷ್ಟು ಹೇಳುವುದಿಲ್ಲ. ನಾನ್‌ಸ್ಟಿಕ್ ಚೆನ್ನಾಗಿ ಜಾರುತ್ತದೆ, ಒಂದು ಜಿಪ್ಪಿಗೆ ಗೀರು ಬೀಳುತ್ತದೆ, ಆ ಗೀರು ಮುಂದೆ ನೂಲು ಹಿಡಿಯುತ್ತದೆ. ಸ್ಟೀಲ್ ಗೀರು ತಡೆಯುತ್ತದೆ. ಸೆರಾಮಿಕ್ ನಡುವಿನದು, ಬಿದ್ದರೆ ಅಂಚು ಎದ್ದುಬರುತ್ತದೆ. ಮೂತಿ ಚೂಪಾಗಿದೆಯೇ, ಮೂತಿಯಲ್ಲೂ ತೂತಿದೆಯೇ, ಶರ್ಟಿನ ಗುಂಡಿಯ ಕೆಳಗೆ ನುಸುಳಲು ಅಂಚಿನಲ್ಲಿ ಸಂದು ಇದೆಯೇ ಅನ್ನುವುದು ಲೇಪನದ ಹೆಸರಿಗಿಂತ ಮುಖ್ಯ. ಅಡ್ಡ ಮಲಗಿಸಿ ಮರೆತರೆ ಅರ್ಧ ನಿಮಿಷದಲ್ಲಿ, ನಿಲ್ಲಿಸಿ ಮರೆತರೆ ಎಂಟು ನಿಮಿಷಕ್ಕೋ ಹೆಚ್ಚಿಗೋ ತಾನೇ ಆರುವ ಸೌಲಭ್ಯ ಇದ್ದರೆ ಅದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಬೇರೆ ಬಾಯ್ಲರಿನ ಸ್ಟೀಮ್ ಸ್ಟೇಷನ್ ವಾರಕ್ಕೆ ಇಪ್ಪತ್ತು ಶರ್ಟು ಮಾಡುವ ಮನೆಗೆ ಮಾತ್ರ. ಒಳ್ಳೆಯ ಯಂತ್ರವೇ, ಜಾಗ ತಿನ್ನುತ್ತದೆ.

ಗಾರ್ಮೆಂಟ್ ಸ್ಟೀಮರ್

ಇಸ್ತ್ರಿಪೆಟ್ಟಿಗೆಯ ಬದಲಿಗೆ ಅಂತ ಇದನ್ನು ಕೊಂಡವರು ಒಂದು ತಿಂಗಳಲ್ಲಿ ಬೈಯುತ್ತಾರೆ, ಜೊತೆಗಿರಲಿ ಅಂತ ಕೊಂಡವರು ಹೊಗಳುತ್ತಾರೆ. ಇಬ್ಬರದೂ ಸರಿ. ಹಬೆ ನೂಲನ್ನು ಸಡಿಲಿಸುತ್ತದೆ, ಒತ್ತುವವರಿಲ್ಲ. ಆದ್ದರಿಂದ ಕಾಲರ್ ಪಟ್ಟಿ ನಿಲ್ಲುವುದಿಲ್ಲ, ಪ್ಯಾಂಟಿನ ಗೆರೆ ಬರುವುದಿಲ್ಲ, ದಪ್ಪ ಹತ್ತಿ ಶರ್ಟು ತುಸು ಶಾಂತವಾಗುತ್ತದೆ ಅಷ್ಟೇ. ಅದೇ ವಿಸ್ಕೋಸಿನ ಇಳಿಬೀಳುವ ಉಡುಪು, ಕಸೂತಿ ಇರುವುದು, ನೆರಿಗೆ ಹಿಡಿದಿರುವುದು, ಉಣ್ಣೆಯ ಕೋಟು, ನೇತಾಡುತ್ತಿರುವ ಪರದೆ, ಇವಕ್ಕೆಲ್ಲ ಕಾದ ತಳಕ್ಕಿಂತ ಇದೇ ಕ್ಷೇಮ.

ಬಳಸುವ ಗುಟ್ಟು ಎಡಗೈಯಲ್ಲಿದೆ. ಬಟ್ಟೆಯ ಕೆಳ ಅಂಚನ್ನು ಎಳೆದು ಬಿಗಿ ಹಿಡಿದು ಸ್ಟೀಮರ್ ಮೂತಿಯನ್ನು ಮೇಲಿಂದ ಕೆಳಕ್ಕೆ ನಿಧಾನ ತರಬೇಕು. ಆ ಎಳೆತವೇ ಇಲ್ಲಿ ಒತ್ತಡ. ಹಬೆ ಎಳೆದ ಕೈಯ ಕಡೆಗೇ ಬರುವುದರಿಂದ ಆ ಕೈಗೆ ದಪ್ಪ ಗ್ಲೌಸ್ ಬೇಕು. 200 ಮಿಲಿಲೀಟರಿನ ಕೈಸ್ಟೀಮರ್ ನಿಮಿಷಕ್ಕೆ 20 ಗ್ರಾಂ ಬಿಟ್ಟರೆ ಹತ್ತು ನಿಮಿಷಕ್ಕೆ ಬರಿದು. ಹೆಚ್ಚು ಓರೆ ಮಾಡಿದರೆ ಕೆಲವು ನೀರು ಉಗುಳುತ್ತವೆ. ಹತ್ತಿಗೆ ಅದು ಒಣಗಿಹೋಗುತ್ತದೆ, ರೇಷ್ಮೆಯ ಮೇಲೆ ಉಂಗುರದಂಥ ಕಲೆ ಉಳಿಯುತ್ತದೆ. ರೇಷ್ಮೆಗೆ ಒಳಮೈಯಿಂದ, ಎರಡು ಮೂರು ಇಂಚು ದೂರದಿಂದ.

ಒಂದು ಶರ್ಟು, ಹತ್ತಿರದಿಂದ

ಕಾಲರನ್ನು ಬಿಡಿಸಿ ಒಳಮಗ್ಗುಲು ಮೇಲೆ ಮಾಡಿ. ಪೆಟ್ಟಿಗೆಯ ಮೂತಿಯನ್ನು ಕಾಲರಿನ ಚೂಪಿನಿಂದ ನಡುವಿಗೆ ತನ್ನಿ, ಆಮೇಲೆ ಆ ಕಡೆಯ ಚೂಪಿನಿಂದ ನಡುವಿಗೆ. ನಡುವಿನಿಂದ ಚೂಪಿಗೆ ತಳ್ಳಿದರೆ ಮಿಗುವ ಬಟ್ಟೆಯೆಲ್ಲ ತುದಿಗೆ ಹೋಗಿ ಅಲ್ಲೊಂದು ಸಣ್ಣ ಮಡಿಕೆ ಕೂರುತ್ತದೆ, ಎಲ್ಲರ ಕಣ್ಣೂ ಬೀಳುವುದು ಅಲ್ಲಿಗೇ. ತಿರುಗಿಸಿ ಹೊರಮಗ್ಗುಲು. ಮುಂದೆ ಹೆಗಲಪಟ್ಟಿ. ಕಫನ್ನು ಗುಂಡಿ ಬಿಚ್ಚಿ ಚಪ್ಪಟೆ ಮಾಡಿ, ಒಳಗೆ ಮೊದಲು, ಹೊರಗೆ ಆಮೇಲೆ. ತೋಳನ್ನು ಕೆಳಗಿನ ಹೊಲಿಗೆಗೆ ಸರಿಯಾಗಿ ಜೋಡಿಸಿ ಮಲಗಿಸಿದರೆ ಎರಡು ಪದರವೂ ಒಟ್ಟಿಗೆ ಆಗುತ್ತದೆ. ಹೊಲಿಗೆ ತಪ್ಪಿದರೆ ತೋಳಿನ ಮೇಲೆ ಎರಡು ಗೆರೆ. ಗುಂಡಿಗಳಿರುವ ಪಟ್ಟಿಯನ್ನು ಹಿಂಬದಿಯಿಂದ ಮಾಡಿ, ಗುಂಡಿ ಕೆಳಗಿನ ಮೆತ್ತೆಯಲ್ಲಿ ಹುದುಗುತ್ತದೆ. ಕೊನೆಗೆ ಒಂದು ಮುಂಭಾಗ, ಬೆನ್ನು, ಇನ್ನೊಂದು ಮುಂಭಾಗ, ಸುತ್ತಿ ಬರುವಂತೆ. ದೊಡ್ಡ ಭಾಗಗಳನ್ನು ಕೊನೆಗೆ ಇಡುವುದು ಯಾಕೆಂದರೆ ಮೊದಲೇ ಮಾಡಿದರೆ ತೋಳು ಮಾಡುವಾಗ ಅವು ಮತ್ತೆ ಮುದ್ದೆಯಾಗುತ್ತವೆ.

ಎದೆಯ ಮಟ್ಟದ ಹಲಗೆಯಾದರೆ ಹೆಗಲು ನೋಯುತ್ತದೆ. ಸೊಂಟದ ಮಟ್ಟ ಸರಿ. ಜಾಲರಿ ಹಲಗೆಯಲ್ಲಿ ಹಬೆ ಕೆಳಗೆ ಹೋಗುತ್ತದೆ. ಮೇಜಿನ ಮೇಲೆ ಕಂಬಳಿ ಹಾಸಿ ಸ್ಟೀಮ್ ಐರನ್ ಬಳಸಿದರೆ ಹಬೆಗೆ ಹೋಗಲು ದಾರಿಯಿಲ್ಲದೆ ಬಟ್ಟೆಯೂ ಕಂಬಳಿಯೂ ನೆನೆಯುತ್ತವೆ, ಪಾಲಿಶ್ ಹಾಕಿದ ಮೇಜಾದರೆ ಬಿಳಿ ಮಚ್ಚೆ ಬೀಳುತ್ತದೆ. ಕಂಬಳಿ ಹಾಸು ಡ್ರೈ ಐರನ್ನಿಗೆ ಸರಿ, ಅದು ಹತ್ತಿ ಅಥವಾ ಉಣ್ಣೆಯದಾಗಿರಬೇಕು.

ಕೆಟ್ಟಾಗ

ಕಪ್ಪು ಪ್ಯಾಂಟಿನ ತೊಡೆಯ ಮೇಲೆ ಎಣ್ಣೆ ಸವರಿದಂತೆ ಹೊಳಪು ಬಂದರೆ ನಾರು ಚಪ್ಪಟೆಯಾಗಿದೆ ಎಂದರ್ಥ. ಉಣ್ಣೆಯಾದರೆ ಹಬೆ ಕೊಟ್ಟು ಮೆತ್ತನೆ ಬ್ರಷ್ಷಿನಿಂದ ಎಬ್ಬಿಸಿದರೆ ಬಹುಪಾಲು ಹೋಗುತ್ತದೆ. ಪಾಲಿಯೆಸ್ಟರ್ ಕರಗಿ ಹೊಳೆಯುತ್ತಿದ್ದರೆ ಹೋಗುವುದಿಲ್ಲ. ಗಾಢ ಬಣ್ಣದ್ದನ್ನೆಲ್ಲ ಒಳಮೈಯಿಂದಲೇ ಮಾಡಿ, ಹೊರಮೈ ಮಾಡಲೇಬೇಕಾದರೆ ಮೇಲೆ ತೆಳು ಹತ್ತಿಬಟ್ಟೆ ಹಾಕಿ.

ಬಿಳಿಯ ಮೇಲೆ ಹಳದಿ ಮೂಡಿದರೆ ಎಲ್ಲ ಸಲವೂ ಬಿಸಿಯ ತಪ್ಪಲ್ಲ. ಜಾಲಾಡುವಾಗ ಉಳಿದ ಸೋಪು ಬಟ್ಟೆಗಿಂತ ಮೊದಲು ಕಂದುತ್ತದೆ, ಗಂಜಿಯೂ ಹಾಗೇ. ಗಂಜಿ ಹಾಕಿದ ಬಟ್ಟೆಗೆ ಬಿಸಿ ಸ್ವಲ್ಪ ಇಳಿಸಿ, ಕೈ ನಿಲ್ಲಿಸದೆ ಮಾಡಿ, ಮುಗಿದ ಮೇಲೆ ತಳವನ್ನು ಒದ್ದೆಬಟ್ಟೆಯಲ್ಲಿ ಒರೆಸಿ. ಕಲೆ ಇರುವ ಬಟ್ಟೆಗೆ ಇಸ್ತ್ರಿ ಬೇಡವೇ ಬೇಡ. ತೊಳೆದಾಗ ಹೋಗಬಹುದಾಗಿದ್ದ ಕಲೆಯನ್ನು ಬಿಸಿ ಅಲ್ಲೇ ಕೂರಿಸುತ್ತದೆ. ನೈಲಾನ್ ಕರಗಿ ತಳಕ್ಕೆ ಅಂಟಿದರೆ ಚಾಕು ಹಾಕಬೇಡಿ. ಪೆಟ್ಟಿಗೆಯನ್ನು ಉಗುರುಬೆಚ್ಚಗಿಂತ ಸ್ವಲ್ಪ ಮೇಲೆ ಕಾಯಿಸಿ ಪ್ಲಗ್ ಕಿತ್ತು, ಮರದ ಚಮಚದ ಅಂಚಿನಿಂದ ಮೆತ್ತಗೆ ತಳ್ಳಿದರೆ ಪದರವಾಗಿ ಬರುತ್ತದೆ.

ಇಸ್ತ್ರಿಯಾದ ಶರ್ಟನ್ನು ತಕ್ಷಣ ಮಡಚಬೇಡಿ, ತೊಡಲೂಬೇಡಿ. ಬಿಸಿ ನೂಲು ಇನ್ನೂ ಮೆತ್ತಗಿರುತ್ತದೆ, ಮೊದಲು ಸಿಕ್ಕ ಮಡಿಕೆಯನ್ನೇ ಕಲಿಯುತ್ತದೆ. ಹ್ಯಾಂಗರಿನಲ್ಲಿ ಐದು ನಿಮಿಷ ನೇತಾಡಲಿ. ಅಷ್ಟರಲ್ಲಿ ಸ್ಟೀಮ್ ಐರನ್ನಿನ ತೊಟ್ಟಿಯ ನೀರು ಚೆಲ್ಲಿ, ಹಿಮ್ಮಡಿಯ ಮೇಲೆ ನಿಲ್ಲಿಸಿ. ವಯರನ್ನು ಪೆಟ್ಟಿಗೆಗೆ ಸುತ್ತುವುದು ತಳ ಪೂರ್ತಿ ತಣಿದ ಮೇಲೆ, ಅದೂ ಸಡಿಲವಾಗಿ. ಹಿಡಿಯ ಬುಡದಲ್ಲಿ ಒಂದು ಕುಣಿಕೆಯಷ್ಟು ಬಿಟ್ಟು.